ಕ್ರಿಯಾಪದ ಕೊನೆಗೆ ಇಡುವವರು ಇಂಗ್ಲಿಷಿನಲ್ಲಿ ಥೀಸಿಸ್ ಬರೆಯುವುದು ಹೇಗೆ

ನನ್ನ ಪಿಎಚ್‌ಡಿಯ ಮೊದಲ ಅಧ್ಯಾಯ ಗೈಡ್ ಹತ್ತಿರದಿಂದ ವಾಪಸ್ ಬಂದಾಗ ಅದರಲ್ಲಿ ಕೆಂಪು ಶಾಯಿ ತೀರಾ ಕಡಿಮೆ ಇತ್ತು. ಅದಕ್ಕೇ ಹೆದರಿದೆ. ತಿದ್ದುವುದಕ್ಕೂ ಲಾಯಕ್ಕಿಲ್ಲವೇನೋ ಅನಿಸಿತು. ಎರಡನೇ ಪುಟದಲ್ಲಿ ಒಂದು ವಾಕ್ಯಕ್ಕೆ ಗೆರೆ ಎಳೆದು, ಪಕ್ಕದಲ್ಲಿ ಎರಡು ಪ್ರಶ್ನೆ ಬರೆದಿದ್ದರು. ಯಾರು? ಏನು ಮಾಡಿದರು?

ಆ ಒಂದು ವಾಕ್ಯದಲ್ಲಿ 63 ಪದಗಳಿದ್ದವು. ಎಣಿಸಿದೆ.

ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಧಾರವಾಡದಲ್ಲಿ ಎಂಎ ಓದುವಾಗಲೂ ಪರೀಕ್ಷೆಗೆ ಕನ್ನಡದಲ್ಲೇ ಬರೆದೆ. ಮದುವೆಯಾಗಿ ಪುಣೆಗೆ ಬಂದೆ. ಗಂಡನಿಗೆ ಚಾಕಣದಲ್ಲಿ ಕೆಲಸ, ಮನೆ ಕೋಥ್ರುಡ್‌ನಲ್ಲಿ. ಮನೆಯಿಂದ ಸ್ವಲ್ಪ ದೂರದ ವಾರ್ಜೆ ನಾಕಾದಲ್ಲಿ ದಿನಾ ಬೆಳಿಗ್ಗೆ ಗೌಂಡಿಗಳು (ಗಾರೆ ಕೆಲಸದವರು), ಬಿಗಾರಿಗಳು (ಅವರ ಕೈಯಾಳುಗಳು) ಕೂಲಿಗಾಗಿ ಬಂದು ನಿಲ್ಲುತ್ತಿದ್ದರು. ಅವರಲ್ಲಿ ಎಷ್ಟೋ ಜನ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು. ಬಸ್ಸಿಗೆ ಕಾಯುವಾಗ ನಮ್ಮ ಭಾಷೆ ಕಿವಿಗೆ ಬೀಳುತ್ತಿತ್ತು. ಅವರ ಬಗ್ಗೆಯೇ ಪಿಎಚ್‌ಡಿ ಮಾಡಿದೆ. ವಿಷಯ ಕನ್ನಡದ್ದು, ಮಾತುಕತೆ ಕನ್ನಡದಲ್ಲಿ, ಥೀಸಿಸ್ ಮಾತ್ರ ಇಂಗ್ಲಿಷಿನಲ್ಲಿ.

ಆರು ವರ್ಷ ಹಿಡಿಯಿತು. ಅದರಲ್ಲಿ ಎರಡು ವರ್ಷ ಸುಮ್ನೆ ದಂಡ. ಈಗ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಭಾನುವಾರ ನಮ್ಮ ಮನೆಗೆ ಮೂರ್ನಾಲ್ಕು ಕನ್ನಡದ ಮಕ್ಕಳು ಡ್ರಾಫ್ಟ್ ಹಿಡಿದುಕೊಂಡು ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಾಕ್ಯ

ಆ 63 ಪದಗಳ ವಾಕ್ಯ ನನ್ನ ತಲೆಯಲ್ಲಿ ಕನ್ನಡದಲ್ಲಿ ಹೀಗಿತ್ತು: "ಮಳೆ ಕೈಕೊಟ್ಟು, ತೊಗರಿ ಒಣಗಿ, ಮುಕಾದಮನ ಹತ್ತಿರ ಉಚಲ್ ತೆಗೆದುಕೊಂಡು, ಹೆಂಡತಿ ಮಕ್ಕಳನ್ನು ಕರೆದುಕೊಂಡು ರೈಲು ಹತ್ತಿ ಪುಣೆಗೆ ಬಂದು, ನಾಕಾದಲ್ಲಿ ನಿಂತು ಕೆಲಸ ಹುಡುಕುವ ಗೌಂಡಿಗಳೇ ಇಲ್ಲಿ ಜಾಸ್ತಿ."

ಮುಕಾದಮ ಅಂದರೆ ಕೂಲಿಯವರನ್ನು ಕರೆತರುವ ಮೇಸ್ತ್ರಿ, ಉಚಲ್ ಅಂದರೆ ಅವನು ಮೊದಲೇ ಕೊಡುವ ಮುಂಗಡ. ಕನ್ನಡದಲ್ಲಿ ಇದು ತಪ್ಪಲ್ಲ. ಕೊಟ್ಟು, ಒಣಗಿ, ತೆಗೆದುಕೊಂಡು, ಹತ್ತಿ, ಬಂದು, ನಿಂತು ಅಂತ ಸರಪಳಿ ಹೆಣೆಯಬಹುದು. ಕೇಳುವವರು ಕೊನೆಯ ಪದದವರೆಗೆ ಕಾಯುತ್ತಾರೆ. ಕ್ರಿಯಾಪದ ಕೊನೆಗೇ ಬರುವುದು ಅಂತ ನಮಗೆ ಹುಟ್ಟಿನಿಂದ ಗೊತ್ತು. ಇದನ್ನೇ ನಾನು ಇಂಗ್ಲಿಷಿಗೆ ಎತ್ತಿ ಹಾಕಿದೆ. 'ಹ್ಯಾವಿಂಗ್ ಲಾಸ್ಟ್', 'ಹ್ಯಾವಿಂಗ್ ಟೇಕನ್', 'ಹ್ಯಾವಿಂಗ್ ಕಮ್' ಅಂತ ಮೂರು ಹ್ಯಾವಿಂಗ್ ಆದವು. ಅವುಗಳ ನಡುವೆ ಗೌಂಡಿ ಎಲ್ಲೋ ಕಳೆದುಹೋದ. ಇಂಗ್ಲಿಷ್ ಓದುವವರು ಕಾಯುವುದಿಲ್ಲ. ಕರ್ತೃ ಸಿಕ್ಕ ಕೂಡಲೇ ಅದರ ಬೆನ್ನಿಗೇ ಕ್ರಿಯಾಪದ ಬೇಕು ಅವರಿಗೆ. ಗೈಡ್ ಕೇಳಿದ ಎರಡು ಪ್ರಶ್ನೆ ಅದೇ.

ತಿದ್ದುವ ದಾರಿ ಸುಲಭ. ಉದ್ದ ವಾಕ್ಯ ಸಿಕ್ಕಾಗ ಅದರಲ್ಲಿ ಯಾರು ಅನ್ನುವುದಕ್ಕೆ ಒಂದು ಸುತ್ತು ಹಾಕಿ, ಏನು ಮಾಡಿದರು ಅನ್ನುವುದಕ್ಕೆ ಇನ್ನೊಂದು ಸುತ್ತು. ಎರಡೂ ಸುತ್ತಿನ ನಡುವೆ ಐದಾರು ಪದಕ್ಕಿಂತ ಜಾಸ್ತಿ ಇದ್ದರೆ ವಾಕ್ಯ ಒಡೆಯಿರಿ. ನನ್ನ ವಾಕ್ಯ ಮೂರಾಯಿತು. ಮೊದಲನೆಯದು: 'ಮೋಸ್ಟ್ ಮೇಸನ್ಸ್ ಅಟ್ ದ ನಾಕಾ ಕೇಮ್ ಟು ಪುಣೆ ಇನ್ ಡೆಟ್.' ನಾಕಾದ ಬಹಳಷ್ಟು ಗೌಂಡಿಗಳು ಸಾಲ ಹೊತ್ತುಕೊಂಡೇ ಪುಣೆಗೆ ಬಂದರು, ಅಷ್ಟೇ. ಮಳೆ, ತೊಗರಿ ಎರಡನೇ ವಾಕ್ಯಕ್ಕೆ ಹೋದವು. ಮುಕಾದಮ, ಉಚಲ್ ಮೂರನೆಯದಕ್ಕೆ.

ಬರೆದ ದಿನ ನನಗೆ ನಾಚಿಕೆಯಾಯಿತು. ಇಷ್ಟು ಚಿಕ್ಕ ವಾಕ್ಯ ನೋಡಿ ಜನ ಹೈಸ್ಕೂಲ್ ಹುಡುಗಿ ಅಂದುಕೊಳ್ಳುವುದಿಲ್ಲವೇ ಅಂತ. ಗೈಡ್ ಅದರ ಪಕ್ಕ ಟಿಕ್ ಹಾಕಿದರು. ಆ ಅಧ್ಯಾಯದಲ್ಲಿ ಸಿಕ್ಕ ಮೊದಲ ಟಿಕ್ ಅದು.

ಆಮೇಲೆ ಪ್ಯಾರಾ, ಅಲ್ಲೂ ಅದೇ ರೋಗ

ವಾಕ್ಯ ಸರಿಹೋದ ಮೇಲೂ "ಪಾಯಿಂಟ್ ಏನು?" ಅಂತ ಟಿಪ್ಪಣಿ ಬರುತ್ತಲೇ ಇತ್ತು. ಪ್ಯಾರಾದಲ್ಲೂ ನಾನು ಕ್ರಿಯಾಪದ ಕೊನೆಗೆ ಇಡುತ್ತಿದ್ದೇನೆ ಅಂತ ತಿಳಿಯುವುದಕ್ಕೆ ಒಂದು ವರ್ಷ ಬೇಕಾಯಿತು.

ಒಂದು ಉದಾಹರಣೆ ಕೊಡುತ್ತೇನೆ. ಕಟ್ಟಡ ಕೆಲಸಗಾರರಿಗಾಗಿ 1996ರಲ್ಲಿ ಒಂದು ಕಾನೂನು ಬಂತು. ಅದರ ಪ್ರಕಾರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕೆಂದರೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರಬೇಕಿತ್ತು. ಅದಕ್ಕೆ ದಾಖಲೆ ತೋರಿಸಬೇಕಿತ್ತು. ಒಬ್ಬನೇ ಬಿಲ್ಡರ್ ಹತ್ತಿರ ಇರುವವನಿಗೆ ಇದು ಕಷ್ಟವಲ್ಲ. ನಾಕಾದಲ್ಲಿ ನಿಲ್ಲುವವನಿಗೆ ದಿನಕ್ಕೊಬ್ಬ ಮಾಲೀಕ. ಒಂದು ದಿನದ ಕೆಲಸಕ್ಕೆ ಕರೆದವನು ಕಾಗದಕ್ಕೆ ಸಹಿ ಯಾಕೆ ಹಾಕುತ್ತಾನೆ? ನನ್ನ ಪ್ಯಾರಾದ ಮಾತು ಇಷ್ಟೇ.

ಆದರೆ ನಾನು ಶುರು ಮಾಡಿದ್ದು 1972ರ ಬರಗಾಲದಿಂದ. ಅಲ್ಲಿಂದ ಉತ್ತರ ಕರ್ನಾಟಕದ ಮಳೆ, ತೊಗರಿ ಬೆಲೆ, ಸೊಲ್ಲಾಪುರದ ರೈಲು, ನಾಕಾದ ವರ್ಣನೆ, ಆಮೇಲೆ 1996ರ ಕಾನೂನು. ಒಂದೂವರೆ ಪುಟ ಆದ ಮೇಲೆ ಕೊನೆಯ ಸಾಲಿನಲ್ಲಿ ದಿನಕ್ಕೊಬ್ಬ ಮಾಲೀಕ ಬಂದ. ಗೈಡ್ ಆ ಕೊನೆಯ ಸಾಲಿಗೆ ಚೌಕ ಹಾಕಿ, ಪುಟದ ಅಂಚಿನುದ್ದಕ್ಕೂ ಬಾಣ ಎಳೆದು, ಪ್ಯಾರಾದ ತಲೆಗೆ ಮುಟ್ಟಿಸಿದ್ದರು. ಒಂದು ಪದ ಬರೆದಿರಲಿಲ್ಲ.

ರಾಬರ್ಟ್ ಕ್ಯಾಪ್ಲನ್ ಅನ್ನುವ ಅಮೆರಿಕದ ವಿದ್ವಾಂಸ 1966ರಲ್ಲಿ ಒಂದು ಲೇಖನದಲ್ಲಿ ಐದು ಗೀಚು ಚಿತ್ರ ಹಾಕಿದ್ದ. ಇಂಗ್ಲಿಷ್ ಬರೆಯುವವರ ಪ್ಯಾರಾ ನೇರ ಗೆರೆಯಂತೆ, ಪೂರ್ವದವರದ್ದು ಸುರುಳಿಯಂತೆ. ಆ ಚಿತ್ರವನ್ನು ನನಗೆ ಒಂದು ವರ್ಕ್‌ಶಾಪಿನಲ್ಲಿ ತೋರಿಸಿದರು. ನಿಮ್ಮ ತಲೆಯೇ ಸುರುಳಿ ಅನ್ನುವ ಧಾಟಿಯಲ್ಲಿ. ಮನೆಗೆ ಬಂದು ಎರಡು ದಿನ ಏನೂ ಬರೆಯಲಿಲ್ಲ. ಆ ಚಿತ್ರಗಳನ್ನು ಆಮೇಲೆ ಬಂದ ವಿದ್ವಾಂಸರು ಚೆನ್ನಾಗಿಯೇ ಜಾಡಿಸಿದ್ದಾರೆ ಅಂತ ತಿಳಿದದ್ದು ತಡವಾಗಿ. ಒಂದು ಇಡೀ ಜನರ ಯೋಚನೆಯನ್ನು ಒಂದು ಗೀಚಿನಲ್ಲಿ ಹಿಡಿಯಲು ಆಗುತ್ತದೆಯೇ? ಅಲ್ಲದೆ ಆ ಐದರಲ್ಲಿ ಕನ್ನಡದ ಹೆಸರೇ ಇಲ್ಲ.

ನಮ್ಮ ತಲೆ ಸುರುಳಿಯೂ ಅಲ್ಲ, ಸೊಟ್ಟವೂ ಅಲ್ಲ. ಬೇಕಾದಾಗ ನಾವೂ ನೆಟ್ಟಗೆ ಮಾತಾಡುತ್ತೇವೆ. ನಮ್ಮ ಊರಲ್ಲಿ ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಗೆ ಹೇಳುತ್ತಾರೆ? "ಅಜ್ಜಗ ಸ್ವಲ್ಪ ಆರಾಮಿಲ್ಲ, ಲಗೂನ ಬಂದುಬಿಡ್ರಿ." ಅದೇ ಸುದ್ದಿಗೆ ಟೆಲಿಗ್ರಾಂ ಕೊಡುವ ಕಾಲದಲ್ಲಿ? "ಅಜ್ಜ ತೀರಿದರು. ಹೊರಡಿ." ಪದಕ್ಕೆ ಇಷ್ಟು ಅಂತ ದುಡ್ಡು ಕೊಡಬೇಕಿತ್ತಲ್ಲ. ಟೆಲಿಗ್ರಾಂ 2013ರ ಜುಲೈನಲ್ಲಿ ಮುಚ್ಚಿತು. ನಾನು ಮಕ್ಕಳಿಗೆ ಹೇಳುವುದು ಇಷ್ಟು: ಪ್ರತಿ ಪ್ಯಾರಾದ ಮೊದಲ ಸಾಲು ಟೆಲಿಗ್ರಾಂ, ಉಳಿದದ್ದೆಲ್ಲ ಫೋನು. ಬರ, ತೊಗರಿ, ರೈಲು ಎಲ್ಲ ಇರಲಿ. ಮೊದಲ ಸಾಲಾದ ಮೇಲೆ ಬರಲಿ.

ಡ್ರಾಫ್ಟ್ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಎಲ್ಲ ಪ್ಯಾರಾಗಳ ಮೊದಲ ಸಾಲನ್ನಷ್ಟೇ ಇನ್ನೊಂದು ಫೈಲಿಗೆ ಹಾಕಿ ಓದಿ. ಅಧ್ಯಾಯದ ವಾದ ಅದರಲ್ಲೇ ಅರ್ಥವಾಗಬೇಕು. ಆಗದಿದ್ದರೆ ಪ್ರತಿ ಪ್ಯಾರಾದ ಕೊನೆಯ ಸಾಲುಗಳನ್ನು ಅದೇ ರೀತಿ ಹಾಕಿ ನೋಡಿ. ನನ್ನ ಮೊದಲ ಅಧ್ಯಾಯದಲ್ಲಿ 22 ಪ್ಯಾರಾ ಇದ್ದವು. 15ರಲ್ಲಿ ನಿಜವಾದ ಮಾತು ಕೊನೆಯ ಸಾಲಿನಲ್ಲಿತ್ತು. ಕಟ್ ಮಾಡಿ ಮೇಲೆ ಅಂಟಿಸಿದೆ. ಅರ್ಧ ರಿಪೇರಿ ಅಷ್ಟರಲ್ಲೇ ಆಯಿತು.

ಪೀಠಿಕೆ ಬರೆಯುವುದಕ್ಕೆ ಜಾನ್ ಸ್ವೇಲ್ಸ್ ಅನ್ನುವವರು 1990ರಲ್ಲಿ ಒಂದು ಮಾದರಿ ಕೊಟ್ಟರು. ಮೂರು ಹೆಜ್ಜೆ. ನಾನು ಅದನ್ನು ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿ ಅಂತ ಹೇಳಿಕೊಡುತ್ತೇನೆ. ಕಲಬುರಗಿಯಲ್ಲಿ ಹತ್ತಿದ ಕೂಡಲೇ ಏನು ಮಾಡುತ್ತೀರಿ? ಮೊದಲು ಯಾರು ಯಾರು ಎಲ್ಲೆಲ್ಲಿ ಕೂತಿದ್ದಾರೆ ನೋಡುತ್ತೀರಿ. ಆಮೇಲೆ ಯಾರೋ ಚೀಲ ಇಟ್ಟು ಖಾಲಿ ಬಿಟ್ಟ ಜಾಗ ಕಾಣುತ್ತದೆ. ಚೀಲ ಸರಿಸಿ ಕೂರುತ್ತೀರಿ. ಹಿಂದಿನವರು ಏನು ಹೇಳಿದ್ದಾರೆ, ಎಲ್ಲಿ ಬಿಟ್ಟಿದ್ದಾರೆ, ನಾನು ಅಲ್ಲಿ ಏನು ಮಾಡುತ್ತೇನೆ. ನಮ್ಮವರು ಮಾಡುವ ತಪ್ಪು ಮೊದಲ ಹೆಜ್ಜೆಯಲ್ಲೇ ಹದಿನೈದು ಪುಟ ನಿಂತುಬಿಡುವುದು. ಎಲ್ಲರಿಗೂ ನಮಸ್ಕಾರ ಹೇಳುತ್ತಾ ಹೋದರೆ ಪುಣೆ ಬಂದರೂ ಸೀಟು ಸಿಗುವುದಿಲ್ಲ.

ಇಂಗ್ಲಿಷಿನ 'ದ' ಎಲ್ಲಿ ಹಾಕಬೇಕು

ಇದನ್ನು ನನಗೆ ಯಾರೂ ಸರಿಯಾಗಿ ಹೇಳಿಕೊಡಲಿಲ್ಲ. ವ್ಯಾಕರಣದ ಪುಸ್ತಕದಲ್ಲಿ ನದಿಗೆ 'ದ', ಬೆಟ್ಟದ ಸಾಲಿಗೆ 'ದ' ಅಂತ ಪಟ್ಟಿ ಇರುತ್ತದೆ. ನನ್ನ ಥೀಸಿಸಿನಲ್ಲಿ ನದಿಯೂ ಇಲ್ಲ, ಬೆಟ್ಟವೂ ಇಲ್ಲ. ಕನ್ನಡದಲ್ಲಿ 'ದ' ಇಲ್ಲ, ನಮಗೆ ಅದು ಬರುವುದೇ ಇಲ್ಲ ಅಂತ ಕೈಚೆಲ್ಲಿದ್ದೆ.

ಆದರೆ 'ದ' ಮಾಡುವ ಕೆಲಸ ನಮ್ಮ ಭಾಷೆಯಲ್ಲೂ ಇದೆ. ಗಮನಿಸಿ. "ನಾನು ಪುಸ್ತಕ ಹುಡುಕುತ್ತಿದ್ದೇನೆ" ಅಂದರೆ ಯಾವುದೋ ಒಂದು ಪುಸ್ತಕ. "ನಾನು ಪುಸ್ತಕವನ್ನು ಹುಡುಕುತ್ತಿದ್ದೇನೆ" ಅಂದರೆ ಇಂಥದ್ದೇ ಪುಸ್ತಕ, ನಿಮಗೂ ಗೊತ್ತಿರುವುದು. ಕೊನೆಗೆ ಸೇರಿದ 'ಅನ್ನು' ಒಂದರಲ್ಲೇ ವ್ಯತ್ಯಾಸ. ಹಾಗೆಯೇ "ಒಬ್ಬ ಮುಕಾದಮ ಬಂದ. ಆ ಮುಕಾದಮ ಉಚಲ್ ಕೊಟ್ಟ." ಒಬ್ಬ ಅನ್ನುವ ಕಡೆ 'ಎ', ಆ ಅನ್ನುವ ಕಡೆ 'ದ'.

ನನ್ನ ಪರೀಕ್ಷೆ ಹೀಗಿದೆ. ಇಂಗ್ಲಿಷ್ ನಾಮಪದ ಬಂದಾಗ ಅದೇ ಮಾತನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ. ನಾಲಿಗೆ ತಾನಾಗಿ 'ಆ' ಅಥವಾ 'ಅನ್ನು' ಹಾಕಿದರೆ ಅಲ್ಲಿ ಬಹುಪಾಲು 'ದ' ಬೇಕು. ಒಂದು ಎಚ್ಚರಿಕೆ. ಅನ್ನು ಪರೀಕ್ಷೆ ವಸ್ತುಗಳಿಗೆ ಮಾತ್ರ ನಡೆಯುತ್ತದೆ. ಮನುಷ್ಯರಿಗೆ ನಾವು ಹೇಗೂ ಅನ್ನು ಹಾಕುತ್ತೇವೆ, "ಹುಡುಗ ನೋಡಿದೆ" ಅಂದರೆ ಹುಡುಗನೇ ನೋಡಿದ ಹಾಗಾಗುತ್ತದೆ. ಮನುಷ್ಯರಿಗೆ 'ಆ' ಪರೀಕ್ಷೆ ಬಳಸಿ. ನೂರಕ್ಕೆ ನೂರು ಸರಿಬರುವುದಿಲ್ಲ, ಆದರೆ ನದಿ ಬೆಟ್ಟದ ಪಟ್ಟಿಗಿಂತ ಎಷ್ಟೋ ವಾಸಿ.

ಉಳಿದ ತಪ್ಪುಗಳಿಗೆ ಒಂದು ಚಿಕ್ಕ ನೋಟ್‌ಬುಕ್ ಇಡಿ. ನನ್ನದರಲ್ಲಿ ಜಾಸ್ತಿ ಸಲ ಬಂದವು: 'ಡಿಸ್ಕಸ್ ಅಬೌಟ್'. ನಾವು ಯಾವುದರ ಬಗ್ಗೆಯಾದರೂ ಚರ್ಚಿಸುತ್ತೇವೆ, ಇಂಗ್ಲಿಷಿನಲ್ಲಿ ಡಿಸ್ಕಸ್ ಪಕ್ಕ ಅಬೌಟ್ ಬೇಡ. 'ಒನ್ ಆಫ್ ದ ವರ್ಕರ್', ಅಲ್ಲಿ ವರ್ಕರ್ಸ್ ಆಗಬೇಕು. 'ರಿಸರ್ಚಸ್', 'ಇನ್ಫರ್ಮೇಶನ್ಸ್', ಎರಡಕ್ಕೂ ಎಸ್ ಬೇಡ. ಇಂಟರ್‌ವ್ಯೂ 'ಟೇಕ್' ಮಾಡಿದೆ ಅಂತ ಮೂರು ವರ್ಷ ಬರೆದೆ, 'ಕಂಡಕ್ಟ್' ಅನ್ನಬೇಕಂತೆ. ಎಲ್ಲ ತಪ್ಪು ಕಲಿಯುವ ಅಗತ್ಯವಿಲ್ಲ. ನಿಮ್ಮ ಹತ್ತು ತಪ್ಪು ಯಾವುವು ಅಂತ ಗೊತ್ತಿದ್ದರೆ ಸಾಕು.

ಅಂತೆ

ಒಂದು ಸೆಮಿನಾರಿನಲ್ಲಿ ನನ್ನ ಪೇಪರ್ ಓದಿದೆ. ನಾನು ಮಾತಾಡಿಸಿದ್ದು 38 ಜನರನ್ನು, ಎಲ್ಲ ಒಂದೇ ನಾಕಾದವರು. ಪೇಪರಿನಲ್ಲಿ 'ದಿಸ್ ಪ್ರೂವ್ಸ್' ಅಂತ ನಾಲ್ಕು ಕಡೆ ಇತ್ತು. ಒಬ್ಬ ಹಿರಿಯರು ಎದ್ದು ನಿಂತು ಪುಣೆಯ ಬೇರೆ ನಾಕಾಗಳ ಬಗ್ಗೆ ಕೇಳಿದರು, ದಾಂಡೇಕರ್ ಪೂಲ್‌ಗೆ ಹೋಗಿದ್ದೀರಾ? ಇಲ್ಲ. ಕಾತ್ರಜ್‌ಗೆ? ಇಲ್ಲ. ಹಾಗಾದರೆ ಪುಣೆಗೆಲ್ಲ ಹೇಗೆ ಪ್ರೂವ್ ಆಯಿತು? ಸಭೆ ನಕ್ಕಿತು. ಅವರು ಹೇಳಿದ್ದು ಸರಿ, ಹೇಳಿದ ರೀತಿ ಸರಿಯಿರಲಿಲ್ಲ.

ಗಟ್ಟಿಯಾಗಿ ಹೇಳಿದರೆ ಇಂಗ್ಲಿಷ್ ಚೆನ್ನಾಗಿದೆ ಅನಿಸುತ್ತದೆ ಅಂತ ನಾನು ನಂಬಿದ್ದೆ. ಕನ್ನಡದಲ್ಲಿ ನಾನು ಹಾಗೆ ಮಾತಾಡುವವಳೇ ಅಲ್ಲ. ಕಣ್ಣಾರೆ ಕಂಡದ್ದಕ್ಕೆ "ಮಳೆ ಬಂತು" ಅನ್ನುತ್ತೇನೆ. ಯಾರೋ ಹೇಳಿದ್ದಕ್ಕೆ "ಬಂತಂತೆ". ನೆಲ ಒದ್ದೆ ಇದ್ದರೆ "ಬಂದಿರಬೇಕು". ಮೋಡ ನೋಡಿ "ಬರಬಹುದು". ನಾಲ್ಕು ಮಾತಿಗೂ ಜವಾಬ್ದಾರಿ ಬೇರೆ ಬೇರೆ. ಅಕಾಡೆಮಿಕ್ ಇಂಗ್ಲಿಷಿನಲ್ಲಿ ಇದೇ ಕೆಲಸವನ್ನು 'ಶೋ', 'ರಿಪೋರ್ಟ್', 'ಸಜೆಸ್ಟ್', 'ಮೇ' ಮಾಡುತ್ತವೆ. ಕಣ್ಣಾರೆ ಕಂಡದ್ದಕ್ಕೆ ಶೋ. ಬಂತಂತೆಗೆ ರಿಪೋರ್ಟ್. ಬಂದಿರಬೇಕು ಅನ್ನುವುದಕ್ಕೆ ಸಜೆಸ್ಟ್. ಬರಬಹುದು ಅನ್ನುವುದಕ್ಕೆ ಮೇ. ಬೇರೆ ವಿದ್ವಾಂಸರ ಮಾತು ಹೇಳುವಾಗ ಅವರು ತೋರಿಸಿದ್ದಾರೋ, ಬರೀ ವಾದಿಸಿದ್ದಾರೋ ಅಂತ ಮೊದಲು ಕನ್ನಡದಲ್ಲಿ ನಿಮ್ಮನ್ನೇ ಕೇಳಿಕೊಳ್ಳಿ. ವಾದ ಆದರೆ 'ಆರ್ಗ್ಯೂ'. ಎಲ್ಲರಿಗೂ 'ಸೇಸ್, ಸೇಸ್' ಅಂತ ಹಾಕುತ್ತಾ ಹೋಗಬೇಡಿ.

ಈಗ ಪೇಪರಿನಲ್ಲಿ 'ಅಮಂಗ್ ದ 38 ವರ್ಕರ್ಸ್ ಐ ಇಂಟರ್‌ವ್ಯೂಡ್' ಅಂತ ಬರೆಯುತ್ತೇನೆ. ಯಾರೂ ಎದ್ದು ನಿಲ್ಲುವುದಿಲ್ಲ.

ಕೌದಿ ಹೊಲಿದ ಕಥೆ

ಮೊದಲ ಸಲ ಬೇರೆಯವರ ಬರಹದ ಜೊತೆ ಹೋಲಿಸಿ ನೋಡುವ ಸಾಫ್ಟ್‌ವೇರಿಗೆ ಹಾಕಿದಾಗ ನನ್ನ ಎರಡನೇ ಅಧ್ಯಾಯದ ಹೋಲಿಕೆ 31 ಪ್ರತಿಶತ ಬಂತು. ಅತ್ತುಬಿಟ್ಟೆ. ನಾನು ಯಾರದ್ದನ್ನೂ ಕದ್ದಿರಲಿಲ್ಲ, ಕದ್ದಿಲ್ಲ ಅಂತ ನಂಬಿದ್ದೆ.

ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮ ಎಲ್ಲರೂ ಒಮ್ಮೆ ಓದಿಕೊಳ್ಳಿ. ಹೋಲಿಕೆ 10 ಪ್ರತಿಶತದವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40ರವರೆಗೆ ಇದ್ದರೆ ಹೆಚ್ಚೆಂದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ತಿದ್ದಿದ್ದನ್ನು ಕೊಡುವ ಹಾಗಿಲ್ಲ. 60 ದಾಟಿದರೆ ರಿಜಿಸ್ಟ್ರೇಶನ್ನೇ ರದ್ದು. ಹೆಸರು ಹೇಳಿ ಉದ್ಧರಿಸಿದ ಭಾಗ, ಗ್ರಂಥಋಣ, ಪರಿವಿಡಿ ಇವನ್ನೆಲ್ಲ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲರಿಗೂ ಗೊತ್ತಿರುವ ಮಾತು ಇದ್ದರೆ, ಇಲ್ಲವೇ ಪದಗಳು ಆಕಸ್ಮಿಕವಾಗಿ ಹೊಂದಿದರೆ ಸತತ 14 ಪದದವರೆಗೆ ಬಿಡುತ್ತಾರೆ.

ಆದದ್ದು ಹೀಗೆ. ಗೋಖಲೆ ಇನ್‌ಸ್ಟಿಟ್ಯೂಟಿನ ಲೈಬ್ರರಿಯಲ್ಲಿ ಕೂತು ಪುಸ್ತಕದ ಒಳ್ಳೊಳ್ಳೆ ವಾಕ್ಯಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆ. ಆರು ತಿಂಗಳಾದ ಮೇಲೆ ಯಾವುದು ಪುಸ್ತಕದ್ದು, ಯಾವುದು ನನ್ನದು ಗೊತ್ತಾಗಲಿಲ್ಲ. ಪುಸ್ತಕದ್ದು ಅಂತ ಗೊತ್ತಿದ್ದ ಕಡೆ ಎರಡು ಪದ ಬದಲಿಸಿ, ಒಂದು ಪದ ಹಿಂದೆ ಮುಂದೆ ಮಾಡಿ ಸೇರಿಸಿದ್ದೆ. ಇಂಗ್ಲಿಷಿನಲ್ಲಿ ಇದಕ್ಕೆ ಪ್ಯಾಚ್‌ರೈಟಿಂಗ್ ಅನ್ನುತ್ತಾರೆ. ನಮ್ಮ ಅಮ್ಮ ಹಳೇ ಸೀರೆ ತುಂಡು ಜೋಡಿಸಿ ಕೌದಿ ಹೊಲಿಯುತ್ತಾಳಲ್ಲ, ಅದೇ. ಒಂದೇ ವ್ಯತ್ಯಾಸ, ಅಮ್ಮನ ಸೀರೆಗಳು ಅಮ್ಮನವೇ.

ಇದರಲ್ಲಿ ನಮ್ಮ ಶಾಲೆಯ ಪಾಲೂ ಇದೆ. ಗೈಡ್ ಪುಸ್ತಕದ ಉತ್ತರವನ್ನು ಅಕ್ಷರ ಬಿಡದೆ ಬರೆದರೆ ಪೂರ್ತಿ ಅಂಕ. ಸ್ವಂತ ಮಾತಿನಲ್ಲಿ ಬರೆದರೆ ಒಂದು ಕಡಿಮೆ. ಹದಿನೈದು ವರ್ಷ ಹಾಗೆ ಕಲಿತವಳಿಗೆ ಒಂದೇ ದಿನದಲ್ಲಿ ಸ್ವಂತ ಮಾತು ಎಲ್ಲಿಂದ ಬರಬೇಕು?

ಬಿಡಿಸಿದ್ದು ಕನ್ನಡ. ಇಂಗ್ಲಿಷ್ ಪುಟ ಓದಿ, ಪುಸ್ತಕ ಮುಚ್ಚಿ, ನೆನಪಿದ್ದನ್ನು ಕನ್ನಡದಲ್ಲಿ ಬರೆಯಿರಿ. ಪಕ್ಕದಲ್ಲಿ ಲೇಖಕರ ಹೆಸರು, ವರ್ಷ, ಪುಟ ಸಂಖ್ಯೆ. ಪುಟ ಸಂಖ್ಯೆ ಮರೆತರೆ ಕೊನೆಯ ತಿಂಗಳಲ್ಲಿ ಅಳುತ್ತೀರಿ, ನನ್ನ ಮಾತು ನಂಬಿ. ಒಂದು ದಿನ ಬಿಟ್ಟು ಪುಸ್ತಕ ತೆರೆಯದೆ ಆ ಕನ್ನಡ ಟಿಪ್ಪಣಿಯಿಂದ ಇಂಗ್ಲಿಷಿನಲ್ಲಿ ಬರೆಯಿರಿ. ಆಮೇಲೆ ಮಾತ್ರ ಪುಸ್ತಕ ತೆರೆದು, ಅರ್ಥ ತಿರುಚಿದ್ದೇನಾ ಅಂತ ನೋಡಿ. ಪುಸ್ತಕದ ವಾಕ್ಯದ ಎಲುಬು ಕನ್ನಡ ದಾಟುವಾಗ ಮುರಿದಿರುತ್ತದೆ, ಅರ್ಥ ಮಾತ್ರ ಈಚೆ ಬಂದಿರುತ್ತದೆ. ಕನ್ನಡದಲ್ಲಿ ಬರೆಯಲು ಆಗದಿದ್ದರೆ ನಿಮಗೆ ಆ ಪುಟ ಅರ್ಥವಾಗಿಲ್ಲ ಅಂತ ಲೆಕ್ಕ. ನನಗೆ ಎಷ್ಟೋ ಪುಟ ಹಾಗೆ ಆಗಿದೆ.

ಒಂದು ಮಾತು. ಹೀಗೆ ಬರೆದದ್ದನ್ನು ಸಾಫ್ಟ್‌ವೇರ್ ಹಿಡಿಯುವುದಿಲ್ಲ ಅಂತ ಲೇಖಕರ ಹೆಸರು ಬಿಡಬೇಡಿ. ಮಾತು ನಿಮ್ಮದಾದರೂ ವಿಚಾರ ಅವರದ್ದೇ. ಮುಂದಿನ ಸಲ ನನ್ನ ಅಧ್ಯಾಯ 7 ಪ್ರತಿಶತಕ್ಕೆ ಇಳಿಯಿತು.

ಟೂಲುಗಳ ಬಗ್ಗೆ ಎರಡು ಸಾಲು. ಆಕರಗಳನ್ನು ಇಡುವುದಕ್ಕೆ ಜೊಟೆರೊ ಅನ್ನುವ ಟೂಲು ಪುಕ್ಕಟೆ ಸಿಗುತ್ತದೆ, ಮೊದಲ ದಿನದಿಂದಲೇ ಹಾಕಿಕೊಳ್ಳಿ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಕಾಡೆಮಿಕ್ ಫ್ರೇಸ್‌ಬ್ಯಾಂಕ್ ಕೂಡ ಪುಕ್ಕಟೆ. ಅಲ್ಲಿರುವುದು ಎಲ್ಲರೂ ಬಳಸುವ ಜೋಡಣೆಯ ಸಾಲು, ಕದ್ದ ಹಾಗಲ್ಲ. ನಮ್ಮ ದೇಶದ ಥೀಸಿಸ್ ಎಲ್ಲ ಇಡುವ ಶೋಧಗಂಗಾ ವೆಬ್ ತಾಣದಲ್ಲಿ ನಿಮ್ಮ ವಿಷಯದ ಥೀಸಿಸ್ ಓದಿ, ಆದರೆ ಸಿಕ್ಕಿದ್ದೆಲ್ಲ ಮಾದರಿ ಅಂದುಕೊಳ್ಳಬೇಡಿ. ಎಐ ಹತ್ತಿರ ನಾನು ತಪ್ಪು ತೋರಿಸು ಅಂತ ಮಾತ್ರ ಕೇಳುತ್ತೇನೆ. ಬರೆದುಕೊಡು ಅಂತ ಒಮ್ಮೆ ಕೇಳಿದ್ದೆ. ನಾಕಾದ ಹೆಂಗಸರೆಲ್ಲ ಒಂದೇ ಸ್ವರದಲ್ಲಿ ಮಾತಾಡತೊಡಗಿದರು.

ಅವರ ಮಾತನ್ನು ಏನು ಮಾಡಬೇಕು

ನನಗೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದ ಕೆಲಸ ಇದು.

ಉಚಲ್ ಅನ್ನುವುದನ್ನು ಮೊದಲು 'ಲೋನ್' ಅಂತ ಬರೆದಿದ್ದೆ. ಲೋನ್ ಅಂದರೆ ದುಡ್ಡಿನಲ್ಲಿ ತೀರಿಸುವ ಸಾಲ. ಉಚಲ್ ತೀರುವುದು ದುಡಿಮೆಯಲ್ಲಿ. ಮುಕಾದಮ ಮೊದಲೇ ದುಡ್ಡು ಕೊಟ್ಟು ಆ ಮೇಲಿನ ಕೂಲಿಯಲ್ಲಿ ಹಿಡಿದುಕೊಳ್ಳುತ್ತಾನೆ, ತೀರುವವರೆಗೆ ಅವನನ್ನು ಬಿಟ್ಟು ಹೋಗುವ ಹಾಗಿಲ್ಲ. ಲೋನ್ ಅಂತ ಬರೆದರೆ ಆ ಕಟ್ಟು ಕಾಣುವುದಿಲ್ಲ. ಹಾಗಾಗಿ ಉಚಲ್, ಮುಕಾದಮ, ಗೌಂಡಿ, ಬಿಗಾರಿ ಈ ನಾಲ್ಕನ್ನೂ ಇಟಾಲಿಕ್ಸಿನಲ್ಲಿ ಹಾಗೇ ಬಿಟ್ಟೆ. ಮೊದಲ ಸಲ ಬಂದಾಗ ಎರಡು ಸಾಲು ವಿವರಣೆ ಕೊಟ್ಟೆ, ಅಲ್ಲಿಂದಾಚೆ ಸುಮ್ಮನಾದೆ. ಯಾವ ಪದ ಬಿಡಬೇಕು ಅಂತ ಕೇಳುತ್ತಾರೆ. ಇಂಗ್ಲಿಷ್ ಪದ ಹಾಕಿದ ಕೂಡಲೇ ನಿಮ್ಮ ವಾದದ ಒಂದು ಹಲ್ಲು ಉದುರಿದರೆ ಆ ಪದ ಬಿಡಿ. ಊಟ, ಚಪ್ಪಲಿ ಇಂಥವನ್ನು ಇಟಾಲಿಕ್ಸ್ ಮಾಡುವುದು ಸುಮ್ನೆ ಶೋಕಿ.

ಚಿತ್ತಾಪುರದ ಕಡೆಯ ಒಬ್ಬ ಹೆಂಗಸು, ಐವತ್ತರ ಆಸುಪಾಸು, ನನಗೆ ಒಂದು ಮಾತು ಹೇಳಿದ್ದಳು. ಹನ್ನೊಂದು ಗಂಟೆ ಆಗಿತ್ತು. ಕರೆಯುವವರು ಕರೆದುಕೊಂಡು ಹೋಗಿ ಆಗಿತ್ತು, ಉಳಿದವರು ಮನೆ ಕಡೆ ಹೊರಟಿದ್ದರು. ಇವಳು ಮಾತ್ರ ಬುಟ್ಟಿ ಕಾಲ ಬಳಿ ಇಟ್ಟುಕೊಂಡು ನಿಂತಿದ್ದಳು. ಕೂತುಕೊಳ್ಳಿ ಅಂದೆ. "ನಿಂತ್ರ ಮಾರಿ ಕಾಯತದ, ಕುಂತ್ರ ಒಲಿ ಆರತದ" ಅಂದಳು. ನಿಂತರೆ ಮುಖ ಕಾಯುತ್ತದೆ, ಕೂತರೆ ಒಲೆ ಆರುತ್ತದೆ ಅಂತ.

ನನ್ನ ಡ್ರಾಫ್ಟಿನಲ್ಲಿ ಇದು ಏನಾಯಿತು ಗೊತ್ತಾ? ಕೆಲಸ ಸಿಗದಿದ್ದರೆ ಆಹಾರ ಭದ್ರತೆಗೆ ಧಕ್ಕೆ ಎಂದು ಒಬ್ಬ ಉತ್ತರದಾತೆ ತಿಳಿಸಿದರು ಅನ್ನುವ ಅರ್ಥದ ಒಂದು ಇಂಗ್ಲಿಷ್ ವಾಕ್ಯ. ವ್ಯಾಕರಣ ಸರಿ. 'ದ' ಕೂಡ ಸರಿಯಾದ ಜಾಗದಲ್ಲಿತ್ತು. ಗೈಡ್ ಕರೆದು, ಅವಳು ನಿಜವಾಗಿ ಏನು ಅಂದಳು ಅಂತ ಕೇಳಿದರು. ಕನ್ನಡದಲ್ಲಿ ಹೇಳಿ, ಹಿಂದಿಯಲ್ಲಿ ಅರ್ಥ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇದನ್ನು ಯಾಕೆ ಬಚ್ಚಿಟ್ಟಿರಿ ಅಂದರು.

ಆಮೇಲೆ ಮಾಡಿದ ಕ್ರಮ ಇದು, ನೀವೂ ಮಾಡಬಹುದು. ಮಾತನ್ನು ಮೊದಲು ಅವಳ ಭಾಷೆಯಲ್ಲೇ ರೋಮನ್ ಲಿಪಿಯಲ್ಲಿ ಕೊಟ್ಟೆ. ಕೆಳಗೆ ಆದಷ್ಟು ಚಿಕ್ಕ ಪದಗಳ ಇಂಗ್ಲಿಷ್. ಅದರ ಕೆಳಗೆ, ಬೇರೆ ಪ್ಯಾರಾದಲ್ಲಿ, ನನ್ನ ವಿಶ್ಲೇಷಣೆ. ಆಹಾರ ಭದ್ರತೆ ಗೀಹಾರ ಭದ್ರತೆ ಎಲ್ಲ ಅಲ್ಲಿಗೆ. ಅವಳ ಬಾಯಲ್ಲಿ ನನ್ನ ಪದ ತುರುಕಲಿಲ್ಲ, ನನ್ನ ವಾದಕ್ಕೆ ಅವಳ ಮಾತು ಸಾಕ್ಷಿಯಾಯಿತು. ರೆಕಾರ್ಡಿಂಗ್ ಬರೆದಿಳಿಸುವಾಗ ಪೂರ್ತಿ ಕನ್ನಡದಲ್ಲೇ, ಅವರು ಆಡಿದ ಹಾಗೇ ಬರೆದುಕೊಳ್ಳಿ. ಕೇಳುತ್ತಲೇ ಇಂಗ್ಲಿಷಿಗೆ ತಿರುಗಿಸಬೇಡಿ. ನಾನು ಮೊದಲ ಒಂಬತ್ತು ಮಾತುಕತೆ ಹಾಗೆ ಮಾಡಿ ಹಾಳು ಮಾಡಿಕೊಂಡೆ. ಫೋನ್ ಕೆಟ್ಟು ಆಡಿಯೋ ಹೋಯಿತು. ಈಗ ಆ ಒಂಬತ್ತು ಜನ ನನ್ನ ಕಾಗದದಲ್ಲಿ ನನ್ನ ಹಾಗೇ ಮಾತಾಡುತ್ತಾರೆ.

ಕೊನೆಗೆ ಪ್ರಿಂಟಿಂಗ್ ವಿಷಯ. ಅವಳ ಮಾತನ್ನು ಥೀಸಿಸಿನ ಮೊದಲ ಪುಟದಲ್ಲಿ ಕನ್ನಡ ಲಿಪಿಯಲ್ಲೇ ಹಾಕಬೇಕು ಅಂತ ಆಸೆ ಇತ್ತು. ಅಂಗಡಿಯ ಕಂಪ್ಯೂಟರಿನಲ್ಲಿ ವರ್ಡ್ ಫೈಲ್ ತೆರೆದರೆ ಒತ್ತಕ್ಷರಗಳೆಲ್ಲ ಬಿಡಿ ಬಿಡಿಯಾಗಿ, ನಿಂತ್ರ ಅನ್ನುವುದರಲ್ಲಿ ರ ಒತ್ತು ಪಕ್ಕಕ್ಕೆ ಸಿಡಿದು ಕೂತಿತ್ತು. ಅಂಗಡಿಯವನಿಗೆ ಅದು ಸರಿಯೇ ತಪ್ಪೇ ಗೊತ್ತಾಗಲಿಲ್ಲ, ಎಂಟು ಪ್ರತಿ ಹೊಡೆಯಲು ತಯಾರಾಗಿದ್ದ. ಹಾಗಾಗಿ ಯೂನಿಕೋಡ್ ಫಾಂಟ್ ಬಳಸಿ, ಮನೆಯಲ್ಲೇ ಪಿಡಿಎಫ್ ಮಾಡಿ, ಫಾಂಟ್ ಒಳಗೇ ಸೇರಿದೆಯಾ ನೋಡಿಕೊಂಡು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ನಾನು ವಾಪಸ್ ಕೋಥ್ರುಡ್‌ಗೆ ಹೋಗಿ ಮಾಡಿಕೊಂಡು ಬಂದೆ. ಒಂದು ಪ್ರತಿ ಹೊರಗೆ ಬಂತು. ಅಂಗಡಿಯವನು ಮೊದಲ ಪುಟ ಎತ್ತಿ ಹಿಡಿದು, ಇದೇನು ಬರೆದಿದ್ದೀರಿ ಅಂತ ಮರಾಠಿಯಲ್ಲಿ ಕೇಳಿದ. ಓದಿ, ಅರ್ಥ ಹೇಳಿದೆ. "ನಾಕ್ಯಾವರಚೀ ಬಾಯೀ ಕಾ?" ಅಂದ. ನಾಕಾದ ಹೆಂಗಸಾ ಅಂತ. ಹೌದು ಅಂದೆ. ಆ ಪುಟದ ಮೇಲೆ ಇನ್ನೊಂದು ಹಾಳೆ ಮುಚ್ಚಿ, ಉಳಿದ ಏಳು ಪ್ರತಿ ಹೊಡೆಯಲು ಶುರು ಮಾಡಿದ.